ಯಾಕುಶಿಮಾದ ಬಳಿ ಒಡೆದ ಗೇರು: ಆಸ್ಪ್ರೇ ವಿಮಾನದ ವಿಶ್ವಾಸಾರ್ಹತೆ ಮತ್ತು ಮೌಲ್ಯದ ಕುರಿತು ಒಂದು ಪ್ರಕರಣ ಅಧ್ಯಯನ

2023ರ ನವೆಂಬರ್ 29ರ ಮಧ್ಯಾಹ್ನ ಹೆಲಿಕಾಪ್ಟರಿನಂತೆಯೂ ವಿಮಾನದಂತೆಯೂ ಹಾರಬಲ್ಲ, ಅಮೆರಿಕದ ವಾಯುಪಡೆಗೆ ಸೇರಿದ ಸಿವಿ-22ಬಿ ಆಸ್ಪ್ರೇ ವಿಮಾನವೊಂದು ಜಪಾನಿನ ಯಾಕುಶಿಮಾ ದ್ವೀಪದಲ್ಲಿ ಇಳಿಯಲು ಬರುತ್ತಿತ್ತು. ನಿಲ್ದಾಣ ತೀರ ಹತ್ತಿರದಲ್ಲಿದ್ದಾಗ ಅದರ ಎಡಬದಿಯ ಗೇರ್‌ಬಾಕ್ಸ್ ಒಳಗೊಳಗೇ ಒಡೆದುಹೋಯಿತು. ಎಡಗಡೆಯ ರೋಟರಿಗೆ ಶಕ್ತಿ ತಲುಪುವುದು ನಿಂತು, ಕೆಲವೇ ಕ್ಷಣಗಳಲ್ಲಿ ವಿಮಾನ ತಲೆಕೆಳಗಾಗಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ಎಂಟು ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಒಂದೇ ವಾರದಲ್ಲಿ, ಡಿಸೆಂಬರ್ 6ರಂದು, ಅಮೆರಿಕದ ವಾಯುಪಡೆ, ನೌಕಾಪಡೆ ಮತ್ತು ಹಡಗುಗಳಿಂದ ದಾಳಿ ನಡೆಸುವ ಮರೀನ್ ಕೋರ್ ಎಂಬ ಮೂರು ಪಡೆಗಳಲ್ಲಿರುವ ನಾಲ್ಕು ನೂರರಷ್ಟು ಆಸ್ಪ್ರೇಗಳ ಹಾರಾಟವನ್ನೂ ನಿಲ್ಲಿಸಲಾಯಿತು.

ಆಸ್ಪ್ರೇ ಬೀಳುವುದು ಇದೇ ಮೊದಲಾಗಿರಲಿಲ್ಲ. ಆದರೆ ಈ ವಿಮಾನದ ಬಗ್ಗೆ ಮೂರು ದಶಕಗಳಿಂದ ನಡೆದುಬಂದ ವಾದದ ಎಲ್ಲ ಎಳೆಗಳೂ ಈ ಒಂದು ಅಪಘಾತದಲ್ಲಿ ಕೂಡಿಕೊಂಡಿವೆ. ಇದು ನಂಬಬಹುದಾದ ವಿಮಾನವೇ ಎಂಬುದು ಒಂದು ಪ್ರಶ್ನೆ. ಇದಕ್ಕೆ ತೆತ್ತ ಬೆಲೆಗೆ ತಕ್ಕ ಪ್ರಯೋಜನ ಸಿಕ್ಕಿದೆಯೇ ಎಂಬುದು ಇನ್ನೊಂದು. ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆಯಾಗಿ ತೂಗಿ, ಪ್ರಯೋಜನ ದೊಡ್ಡದಾಗಿರುವುದರಿಂದ ಅಪಾಯವನ್ನು ಸಹಿಸಿಕೊಳ್ಳಬೇಕು ಎಂದು ಒಂದು ಪಕ್ಷವೂ, ಯಾವ ಪ್ರಯೋಜನವೂ ಇಷ್ಟು ಜೀವಗಳಿಗೆ ಸಮವಲ್ಲ ಎಂದು ಇನ್ನೊಂದು ಪಕ್ಷವೂ ವಾದಿಸುತ್ತವೆ. ಯಾಕುಶಿಮಾ ಪ್ರಕರಣವನ್ನು ಹತ್ತಿರದಿಂದ ನೋಡಿದಾಗ ಈ ವಿಂಗಡಣೆಯೇ ಸರಿಯಲ್ಲವೆಂದು ನನಗೆ ತೋರುತ್ತದೆ. ಈ ವಿಮಾನದ ಮೌಲ್ಯವೆಲ್ಲ ನಿಂತಿರುವುದು ದೂರದ ಹಾರಾಟದ ಮೇಲೆ, ದೂರದ ಹಾರಾಟ ನಿಂತಿರುವುದು ಗೇರ್‌ಬಾಕ್ಸಿನ ಮೇಲಿನ ನಂಬಿಕೆಯ ಮೇಲೆ.

ವಿಮಾನದ ಹುಟ್ಟು ಮತ್ತು ಅದರ ಕೆಲಸ

1980ರ ಏಪ್ರಿಲ್‌ನಲ್ಲಿ ಇರಾನಿನಲ್ಲಿ ಒತ್ತೆಯಾಳುಗಳಾಗಿದ್ದ ಅಮೆರಿಕನ್ನರನ್ನು ಬಿಡಿಸಲು ಹೊರಟ ಕಾರ್ಯಾಚರಣೆ ಮರುಭೂಮಿಯಲ್ಲೇ ಕುಸಿಯಿತು. ಹೆಲಿಕಾಪ್ಟರುಗಳು ಒಂದೊಂದಾಗಿ ಕೆಟ್ಟವು, ಕೊನೆಗೆ ಒಂದು ಹೆಲಿಕಾಪ್ಟರು ಸಾಗಣೆ ವಿಮಾನಕ್ಕೆ ಬಡಿದು ಎಂಟು ಸೈನಿಕರು ಸತ್ತರು. ಹೆಲಿಕಾಪ್ಟರಿನಂತೆ ಎಲ್ಲೆಂದರಲ್ಲಿ ಇಳಿಯುವ, ವಿಮಾನದಂತೆ ವೇಗವಾಗಿ ದೂರ ಹೋಗುವ ಒಂದು ಯಂತ್ರ ಬೇಕೆಂಬ ಬೇಡಿಕೆ ಆ ಸೋಲಿನಿಂದ ಬಲಗೊಂಡಿತು. ಬೆಲ್ ಕಂಪನಿಯ ಪ್ರಾಯೋಗಿಕ ಎಕ್ಸ್‌ವಿ-15 ಅದಕ್ಕೂ ಮೊದಲೇ, 1977ರಲ್ಲಿ, ಹಾರಿ ತೋರಿಸಿತ್ತು. ಬೆಲ್ ಮತ್ತು ಬೋಯಿಂಗ್ ಕೂಡಿ ರೂಪಿಸಿದ ವಿ-22 ಆಸ್ಪ್ರೇ (ಸಿವಿ-22 ಅದರ ವಾಯುಪಡೆಯ ಮಾದರಿ) 1989ರ ಮಾರ್ಚ್ 19ರಂದು ಮೊದಲ ಬಾರಿ ಹಾರಿತು.

ಅದರ ರಚನೆಯನ್ನು ಸ್ವಲ್ಪ ವಿವರವಾಗಿ ತಿಳಿಯದೆ ಮುಂದಿನ ವಾದ ಅರ್ಥವಾಗದು. ರೆಕ್ಕೆಯ ಎರಡೂ ತುದಿಗಳಲ್ಲಿ ಒಂದೊಂದು ಎಂಜಿನ್ ಮತ್ತು ಸುಮಾರು 11.6 ಮೀಟರ್ ವ್ಯಾಸದ ಒಂದೊಂದು ರೋಟರ್ ಇವೆ. ಇಳಿಯುವಾಗ, ಏರುವಾಗ ಎಂಜಿನ್ ಸಮೇತ ಇಡೀ ಗೂಡು ಮೇಲ್ಮುಖವಾಗಿ ನಿಲ್ಲುತ್ತದೆ. ಮುಂದಕ್ಕೆ ಹಾರುವಾಗ ಅದೇ ಗೂಡು ಬಾಗಿ ರೋಟರುಗಳು ವಿಮಾನದ ಪ್ರೊಪೆಲರುಗಳಾಗುತ್ತವೆ. ಒಂದು ಎಂಜಿನ್ ಕೆಟ್ಟರೂ ಎರಡೂ ರೋಟರುಗಳು ತಿರುಗುತ್ತಿರಬೇಕು, ಇಲ್ಲವಾದರೆ ಒಂದು ಬದಿಯ ಆಧಾರ ತಪ್ಪಿ ವಿಮಾನ ಮಗುಚುತ್ತದೆ. ಅದಕ್ಕಾಗಿ ರೆಕ್ಕೆಯೊಳಗೆ ಎರಡೂ ಬದಿಗಳನ್ನು ಜೋಡಿಸುವ ಉದ್ದನೆಯ ಶಾಫ್ಟ್ ಇಟ್ಟಿದ್ದಾರೆ. ಎಂಜಿನ್ ಕೈಕೊಟ್ಟಾಗ ಈ ಏರ್ಪಾಡು ಕಾಪಾಡುತ್ತದೆ. ಆದರೆ ಶಾಫ್ಟಿನಿಂದ ಬಂದ ಶಕ್ತಿ ರೋಟರನ್ನು ತಲುಪಬೇಕಾದರೆ ಆ ಬದಿಯ ಗೇರ್‌ಬಾಕ್ಸನ್ನೇ ಹಾದುಹೋಗಬೇಕು. ಗೇರ್‌ಬಾಕ್ಸೇ ಮುರಿದರೆ ಇನ್ನೊಂದು ಎಂಜಿನ್ ಇದ್ದೂ ಇಲ್ಲದಂತೆ. ಸಾಮಾನ್ಯ ಹೆಲಿಕಾಪ್ಟರಿನಲ್ಲಿಯೂ ಮುಖ್ಯ ಗೇರ್‌ಬಾಕ್ಸ್ ಮುರಿದರೆ ಉಳಿಗಾಲವಿಲ್ಲ ಎಂಬುದು ನಿಜ; ಆದರೆ ಆಸ್ಪ್ರೇಯಲ್ಲಿ ಅಂಥ ಗೇರ್‌ಬಾಕ್ಸುಗಳು ಎರಡಿವೆ, ಎರಡರಲ್ಲಿ ಯಾವುದು ಹೋದರೂ ಫಲಿತಾಂಶ ಒಂದೇ.

ಇಷ್ಟೊಂದು ಜಟಿಲತೆಯನ್ನು ಒಪ್ಪಿಕೊಂಡಿದ್ದಕ್ಕೆ ಪ್ರತಿಫಲವೂ ಇತ್ತು ಎಂಬುದನ್ನು ಟೀಕಾಕಾರರು ಒಪ್ಪಬೇಕು. ಮರೀನ್ ಕೋರ್‌ನಲ್ಲಿ ಆಸ್ಪ್ರೇ ಬದಲಿಸಿದ್ದು ವಿಯೆಟ್ನಾಂ ಕಾಲದ ಸಿಎಚ್-46 ಹೆಲಿಕಾಪ್ಟರನ್ನು. ಅದಕ್ಕಿಂತ ಸರಿಸುಮಾರು ಎರಡು ಪಟ್ಟು ವೇಗದಲ್ಲಿ, ಗಂಟೆಗೆ ಸುಮಾರು 500 ಕಿಲೋಮೀಟರಿನಂತೆ, 24 ಸೈನಿಕರನ್ನು ಹೊತ್ತು, ಹಾರಾಟದಲ್ಲೇ ಇಂಧನ ತುಂಬಿಸಿಕೊಂಡು ಹೋಗಬಲ್ಲ ವಿಮಾನ ಇದು. 2011ರ ಮಾರ್ಚ್‌ನಲ್ಲಿ ಲಿಬಿಯಾದಲ್ಲಿ ಎಫ್-15ಇ ಯುದ್ಧವಿಮಾನ ಬಿದ್ದಾಗ ಅದರ ಪೈಲಟನ್ನು ಕೀರ್ಸಾರ್ಜ್ ಹಡಗಿನಿಂದ ಹೊರಟ ಆಸ್ಪ್ರೇ ಹೋಗಿ ಕರೆತಂದಿತು. 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನಿನ ಬೋರ್ ಪಟ್ಟಣದಲ್ಲಿ ಸಿಲುಕಿದ್ದ ಅಮೆರಿಕನ್ನರನ್ನು ಕರೆತರಲು ಹೋದ ಮೂರು ಸಿವಿ-22ಗಳಿಗೆ ನೆಲದಿಂದ ಗುಂಡುಗಳು ಬಡಿದವು, ಒಳಗಿದ್ದವರಿಗೆ ಗಾಯಗಳಾದವು. ಆದರೂ ಮೂರೂ ವಿಮಾನಗಳು, ಸೋರುತ್ತಿದ್ದ ಇಂಧನವನ್ನು ಆಕಾಶದಲ್ಲೇ ಮತ್ತೆ ತುಂಬಿಸಿಕೊಳ್ಳುತ್ತ, ಉಗಾಂಡಾದ ಎಂಟೆಬೆವರೆಗೆ ಹಾರಿ ಬಂದವು. ಇಂಥ ಕೆಲಸ ಮಾಡಬಲ್ಲ ಬೇರೆ ಯಂತ್ರ ಆ ಹೊತ್ತಿನಲ್ಲಿ ಯಾವ ಸೇನೆಯ ಬಳಿಯೂ ಇರಲಿಲ್ಲ. 2015ರಲ್ಲಿ ನೇಪಾಳದ ಭೂಕಂಪದ ಪರಿಹಾರಕ್ಕೂ ಆಸ್ಪ್ರೇಗಳು ಬಂದಿದ್ದವು.

ಹಿಂದಿನ ಅಪಘಾತಗಳು ಬಿಟ್ಟುಹೋದ ರೂಢಿ

ರಕ್ಷಣಾ ಕಾರ್ಯದರ್ಶಿಯಾಗಿದ್ದ ಡಿಕ್ ಚೇನಿ ವೆಚ್ಚದ ಕಾರಣಕ್ಕೆ ಈ ಯೋಜನೆಯನ್ನು ನಿಲ್ಲಿಸಲು 1989ರಿಂದಲೇ ಪ್ರಯತ್ನಿಸಿದರು. ಟೆಕ್ಸಾಸ್ ಮತ್ತು ಪೆನ್ಸಿಲ್ವೇನಿಯಾದ ಕಾರ್ಖಾನೆಗಳ ಹಿತ ಕಾಯುವ ಸದಸ್ಯರಿದ್ದ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಪ್ರತಿ ಸಲವೂ ಹಣ ಕೊಟ್ಟು ಉಳಿಸಿತು. 1992ರ ಜುಲೈನಲ್ಲಿ ಕ್ವಾಂಟಿಕೋ ಬಳಿ ಪೊಟೋಮ್ಯಾಕ್ ನದಿಗೆ ಒಂದು ಮಾದರಿ ವಿಮಾನ ಬಿದ್ದು ಏಳು ಜನ ಸತ್ತರು. 2000ದ ಏಪ್ರಿಲ್ 8ರಂದು ಅರಿಝೋನಾದ ಮರಾನಾದಲ್ಲಿ 19 ಮರೀನ್ ಸೈನಿಕರು, ಅದೇ ಡಿಸೆಂಬರ್ 11ರಂದು ಉತ್ತರ ಕೆರೊಲಿನಾದಲ್ಲಿ ಇನ್ನೂ ನಾಲ್ವರು ಸತ್ತರು. ಡಿಸೆಂಬರಿನ ಅಪಘಾತದಲ್ಲಿ ತಂತಿಗಳ ಉಜ್ಜಾಟದಿಂದ ಸವೆದ ಹೈಡ್ರಾಲಿಕ್ ಕೊಳವೆ ಒಡೆದಿತ್ತು. ಅದರ ಮೇಲೆ, ಪೈಲಟ್‌ಗಳು ನಿಯಮದಂತೆ ರೀಸೆಟ್ ಗುಂಡಿ ಒತ್ತಿದಾಗಲೆಲ್ಲ ತಂತ್ರಾಂಶದ ದೋಷ ವಿಮಾನವನ್ನು ಇನ್ನಷ್ಟು ಹದಗೆಡಿಸಿತು.

ಮರಾನಾ ಪ್ರಕರಣದ ಮೇಲೆ ತುಸು ನಿಲ್ಲಬೇಕು, ಏಕೆಂದರೆ ಮುಂದೆ ಯಾಕುಶಿಮಾದಲ್ಲಿ ಎದ್ದ ಪ್ರಶ್ನೆಯೇ ಅಲ್ಲಿ ಮೊದಲು ಎದ್ದಿತ್ತು. ಮುಂದಕ್ಕೆ ಸಾಗುವ ವೇಗ ಕಡಿಮೆಯಿದ್ದು ಕೆಳಗಿಳಿಯುವ ವೇಗ ಹೆಚ್ಚಾದರೆ ರೋಟರ್ ತಾನೇ ಕೆಳಕ್ಕೆ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿ ಎತ್ತುವ ಬಲ ಕಳೆದುಕೊಳ್ಳುತ್ತದೆ. ಹೆಲಿಕಾಪ್ಟರು ಹೀಗೆ ಸಿಕ್ಕರೆ ನೇರವಾಗಿ ಕುಸಿಯುತ್ತದೆ. ಎರಡು ರೋಟರುಗಳು ಅಕ್ಕಪಕ್ಕದಲ್ಲಿರುವ ಆಸ್ಪ್ರೇಯಲ್ಲಿ ಒಂದು ಮಾತ್ರ ಸಿಕ್ಕರೂ ವಿಮಾನ ಹೊರಳುತ್ತದೆ. ಕೈಪಿಡಿಯಲ್ಲಿ ನಿಮಿಷಕ್ಕೆ 800 ಅಡಿಯ ಮಿತಿ ಬರೆದಿತ್ತು, ಆ ರಾತ್ರಿ ವಿಮಾನ ನಿಮಿಷಕ್ಕೆ 2000 ಅಡಿಗಿಂತ ವೇಗವಾಗಿ ಇಳಿಯುತ್ತಿತ್ತು. ಅಂಕಿಗಳನ್ನಷ್ಟೇ ನೋಡಿದರೆ ತಪ್ಪು ಪೈಲಟ್‌ಗಳದೇ. ಆದರೆ ಈ ಸುಳಿಯ ವರ್ತನೆಯನ್ನು ಆಸ್ಪ್ರೇಯಲ್ಲಿ ಪೂರ್ಣವಾಗಿ ಪರೀಕ್ಷಿಸಿರಲೇ ಇಲ್ಲ. ಅದನ್ನು ವಿವರವಾಗಿ ಪರೀಕ್ಷಿಸಿ, ಗೂಡನ್ನು ಮುಂದಕ್ಕೆ ಬಾಗಿಸಿದರೆ ಪಾರಾಗಬಹುದೆಂದು ಕಂಡುಕೊಂಡದ್ದು 19 ಸಾವುಗಳಾದ ಬಳಿಕ. ಕಾಂಗ್ರೆಸ್ ಸದಸ್ಯ ವಾಲ್ಟರ್ ಜೋನ್ಸ್ ಆ ಇಬ್ಬರು ಪೈಲಟ್‌ಗಳ ಕುಟುಂಬಗಳ ಪರವಾಗಿ ವರ್ಷಗಟ್ಟಲೆ ಹೋರಾಡಿದರು. 2016ರಲ್ಲಿ ರಕ್ಷಣಾ ಉಪಕಾರ್ಯದರ್ಶಿ ರಾಬರ್ಟ್ ವರ್ಕ್ ಅವರು ಅಪಘಾತದ ಹೊಣೆಯನ್ನು ಕೇವಲ ಪೈಲಟ್‌ಗಳ ಮೇಲೆ ಹೊರಿಸುವುದು ಸರಿಯಲ್ಲವೆಂದು ಒಪ್ಪಿದರು. ಅಷ್ಟು ಮಾತಿಗೆ ಹದಿನಾರು ವರ್ಷ ಬೇಕಾಯಿತು.

2002ರಲ್ಲಿ ಪರೀಕ್ಷಾ ಹಾರಾಟ ಮತ್ತೆ ಶುರುವಾಗಿ, 2005ರಲ್ಲಿ ಪೂರ್ಣ ಉತ್ಪಾದನೆಗೆ ಒಪ್ಪಿಗೆ ಸಿಕ್ಕಿ, 2007ರಲ್ಲಿ ಆಸ್ಪ್ರೇ ಇರಾಕಿಗೆ ಹೋಯಿತು. ಆ ಹೊತ್ತಿಗೆ ವಿಮಾನ ನಿಜವಾಗಿಯೂ ಸುಧಾರಿಸಿತ್ತು. ಆದರೂ 2010ರಲ್ಲಿ ಆಫ್ಘಾನಿಸ್ತಾನದ ಝಾಬುಲ್ ಪ್ರಾಂತ್ಯದಲ್ಲಿ ಸಿವಿ-22 ಬಿದ್ದು ನಾಲ್ವರು ಸತ್ತಾಗ ತನಿಖಾ ಮಂಡಳಿಯ ಮುಖ್ಯಸ್ಥರು ಎಂಜಿನ್ ಶಕ್ತಿ ಕುಂದಿದ್ದೇ ಕಾರಣವಿರಬಹುದು ಎಂದರೆ, ಮೇಲಧಿಕಾರಿಗಳು ಅದನ್ನು ಒಪ್ಪಲಿಲ್ಲ. ಯಂತ್ರವೋ ಮನುಷ್ಯನೋ ಎಂಬ ಜಗಳ ಪ್ರತಿ ತನಿಖೆಯಲ್ಲೂ ಮರಳಿ ಬರುತ್ತಿತ್ತು.

ಅಪಘಾತ ದರದ ವಾದ ಮತ್ತು ಅದರ ಕುಂದು

ಆಸ್ಪ್ರೇಯ ಬೆಂಬಲಿಗರ ಮುಖ್ಯ ಆಧಾರ ಅಪಘಾತ ದರ. ಅಮೆರಿಕದ ಸೇನೆಯಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ, ವಿಮಾನ ನಾಶವಾದರೆ, ಇಲ್ಲವೇ ನಷ್ಟ 25 ಲಕ್ಷ ಡಾಲರ್ ಮುಟ್ಟಿದರೆ ಅದನ್ನು 'ಎ' ದರ್ಜೆಯ ಅವಘಡವೆಂದು ಎಣಿಸಿ, ಒಂದು ಲಕ್ಷ ಹಾರಾಟ ಗಂಟೆಗೆ ಅಂಥವು ಎಷ್ಟಾದವು ಎಂದು ಲೆಕ್ಕ ಹಾಕುತ್ತಾರೆ. ಈ ಲೆಕ್ಕದಲ್ಲಿ ಮರೀನ್ ಕೋರ್‌ನ ಆಸ್ಪ್ರೇ ಬಹಳ ವರ್ಷ ತನ್ನ ಜೊತೆಗಾರ ವಿಮಾನಗಳ ಸಾಲಿನಲ್ಲೇ ಇತ್ತು, ಹ್ಯಾರಿಯರ್ ಜೆಟ್‌ಗಿಂತ ಸುರಕ್ಷಿತವಾಗಿಯೇ ಇತ್ತು. ಟೀಕಾಕಾರರು ಇದಕ್ಕೆ ಒಟ್ಟು ಸಾವುಗಳ ಸಂಖ್ಯೆಯನ್ನು ಎದುರಿಡುತ್ತಾರೆ: ಅರವತ್ತಕ್ಕೂ ಹೆಚ್ಚು. ಆದರೆ ಅದರಲ್ಲಿ 30 ಸಾವುಗಳು 2000ದ ಅಂತ್ಯದೊಳಗೆ, ಪರೀಕ್ಷೆ ಮತ್ತು ಮೌಲ್ಯಮಾಪನದ ಅವಧಿಯಲ್ಲಿ ಆದವು. ಜೊತೆಗೆ ಹೆಚ್ಚು ಜನರನ್ನು ಹೊರುವ ವಿಮಾನ ಬಿದ್ದಾಗ ಹೆಚ್ಚು ಜನ ಸಾಯುತ್ತಾರೆ. ಆ ಸಂಖ್ಯೆಯೊಂದರಿಂದಲೇ ಇಂದಿನ ವಿಮಾನವನ್ನು ಅಳೆಯುವುದು ನ್ಯಾಯವಲ್ಲ.

ದರದ ವಾದದ ಕುಂದು ಇನ್ನೂ ಆಳದಲ್ಲಿದೆ. ಸರಾಸರಿಯು ಎಲ್ಲ ಕಾರಣಗಳನ್ನೂ ಒಂದೇ ರಾಶಿಗೆ ಸೇರಿಸುತ್ತದೆ. 2022ರ ಮಾರ್ಚ್‌ನಲ್ಲಿ ನಾರ್ವೆಯ ಕಣಿವೆಯೊಂದರಲ್ಲಿ ನಾಲ್ವರು ಸತ್ತ ಅಪಘಾತ ಪೈಲಟ್‌ಗಳು ವಿಮಾನವನ್ನು ಮಿತಿಮೀರಿ ಓಲಿಸಿದ್ದರಿಂದ ಆಯಿತೆಂದು ತನಿಖೆ ಹೇಳಿತು. ಅಂಥದ್ದು ಯಾವ ವಿಮಾನದಲ್ಲೂ ಆಗಬಹುದು. ಅದೇ ಜೂನ್ 8ರಂದು ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಬಳಿ ಐವರು ಮರೀನ್ ಸೈನಿಕರು ಸತ್ತದ್ದು ಹಾಗಲ್ಲ. ಅಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕ್ಲಚ್ ಒಮ್ಮೆಲೇ ಜಾರಿ, ಮತ್ತೆ ಬಲವಾಗಿ ಕಚ್ಚಿಕೊಂಡಿತು. ಎರಡೂ ಬದಿಗಳಲ್ಲಿ ಹಾಗಾದ್ದರಿಂದ ಪೈಲಟ್‌ಗಳಿಗೆ ಮಾಡಲು ಏನೂ ಉಳಿಯಲಿಲ್ಲ. ಪೈಲಟ್‌ಗಳದಾಗಲಿ ದುರಸ್ತಿಗಾರರದಾಗಲಿ ತಪ್ಪಿರಲಿಲ್ಲವೆಂದು ತನಿಖಾ ವರದಿಯೇ ಹೇಳಿದೆ. ಕ್ಲಚ್ ಹೀಗೆ ಜಾರಿದ ಘಟನೆಗಳು 2010ರಿಂದಲೇ ದಾಖಲಾಗಿದ್ದವು. ಹಿಂದಿನವುಗಳಲ್ಲಿ ವಿಮಾನ ಹೇಗೋ ಇಳಿದಿತ್ತು. ಇಳಿದ ಕಾರಣಕ್ಕೇ ಅವು ಎಚ್ಚರಿಕೆಗಳಾಗಿ ಕಾಣಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕ್ಲಚ್ ಇರುವ ಜೋಡಣೆಯನ್ನು 800 ಗಂಟೆಗಳಿಗೊಮ್ಮೆ ಬದಲಿಸುವ ನಿಯಮ ಬಂದದ್ದು 2023ರ ಆರಂಭದಲ್ಲಿ. ಮೊದಲೇ ಗೊತ್ತಿದ್ದ ದೋಷದಿಂದ ಆದ ಸಾವಿಗೂ ಊಹಿಸಲಾಗದ ಆಕಸ್ಮಿಕಕ್ಕೂ ದರದ ಕೋಷ್ಟಕದಲ್ಲಿ ಒಂದೇ ತೂಕ.

ಯಾಕುಶಿಮಾದ ಕಡೆಗೆ: ಎಚ್ಚರಿಕೆಯ ದೀಪಗಳು

ಆ ದಿನ ವಿಮಾನ ಇವಾಕುನಿಯಿಂದ ಹೊರಟು ಒಕಿನಾವಾದ ಕಡೇನಾ ನೆಲೆಯತ್ತ ಸಾಗುತ್ತಿತ್ತು. ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಒಂದು ಅಯಸ್ಕಾಂತದ ಸಂವೇದಕವಿರುತ್ತದೆ. ಸವೆತದಿಂದ ಉದುರಿದ ಲೋಹದ ಚೂರು ಅದಕ್ಕೆ ಅಂಟಿಕೊಂಡರೆ ವಿದ್ಯುತ್ ಹರಿದು ಕಾಕ್‌ಪಿಟ್‌ನಲ್ಲಿ ಸೂಚನೆ ಮೂಡುತ್ತದೆ. ಚೂರು ಸಣ್ಣದಾಗಿದ್ದರೆ ಆ ವಿದ್ಯುತ್ತೇ ಅದನ್ನು ಸುಟ್ಟುಹಾಕುತ್ತದೆ. ಇದನ್ನು ಪೈಲಟ್‌ಗಳು ಚಿಪ್ ಬರ್ನ್ ಎನ್ನುತ್ತಾರೆ. ಹೊಸ ಗೇರುಗಳಿಂದಲೂ ಸಣ್ಣ ಪುಡಿ ಉದುರುವುದುಂಟು, ಹಾಗಾಗಿ ಒಂದೆರಡು ಚಿಪ್ ಬರ್ನ್ ಕಂಡರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಮೂರನೆಯದು ಬಂದರೆ ಅನುಕೂಲವಾದಷ್ಟು ಬೇಗ ಇಳಿಯಬೇಕು ಎಂಬುದು ಅಂದಿನ ನಿಯಮ. ಅನುಕೂಲ ಯಾವುದು ಎಂಬ ನಿರ್ಧಾರ ಪೈಲಟ್‌ಗೆ ಬಿಟ್ಟದ್ದು.

ಆ ಹಾರಾಟದಲ್ಲಿ ಐದು ಚಿಪ್ ಬರ್ನ್‌ಗಳಾದವು. ಆರನೆಯ ಸೂಚನೆ ಸುಡಲಾಗದಷ್ಟು ದೊಡ್ಡ ಚೂರಿನದು. ಅದು ಬಂದರೆ ಸಾಧ್ಯವಾದಷ್ಟು ಬೇಗ ಇಳಿಯಲೇಬೇಕು. ಮೊದಲ ಸೂಚನೆಯಿಂದ ವಿಮಾನ ಬೀಳುವವರೆಗೆ ಸುಮಾರು 50 ನಿಮಿಷ ಕಳೆದಿತ್ತು. ಆ ಅವಧಿಯಲ್ಲಿ ತಂಡ ಮೊದಲು ಹಾರಾಟವನ್ನು ಮುಂದುವರಿಸಿ, ಬಳಿಕ ಯಾಕುಶಿಮಾಕ್ಕೆ ತಿರುಗಿ, ಅಲ್ಲಿಗೆ ಬಂದ ಮೇಲೂ ಆತುರಪಡದೆ ಇಳಿಯುವ ಸಿದ್ಧತೆ ಮಾಡಿಕೊಂಡಿತು. 2024ರ ಆಗಸ್ಟ್‌ನಲ್ಲಿ ಹೊರಬಂದ ವಾಯುಪಡೆಯ ತನಿಖಾ ವರದಿ ಎರಡು ಕಾರಣಗಳನ್ನು ಹೇಳಿತು: ಗೇರ್‌ಬಾಕ್ಸಿನ ವೈಫಲ್ಯ ಒಂದು, ತಂಡದ ನಿರ್ಧಾರಗಳು ಇನ್ನೊಂದು.

ಎರಡನೆಯ ಕಾರಣವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮೊದಲೇ ಇಳಿದಿದ್ದರೆ ಎಂಟು ಜನ ಬದುಕುತ್ತಿದ್ದರು. ಆದರೆ ಆ ನಿರ್ಧಾರಗಳನ್ನು ಯಾವ ತಿಳಿವಳಿಕೆಯ ಮೇಲೆ ಮಾಡಬೇಕಾಗಿತ್ತು ಎಂಬುದನ್ನು ನೋಡಬೇಕು. ವಿಮಾನದ ಕಂಪನವನ್ನು ದಾಖಲಿಸುವ ಉಪಕರಣ ಗೇರ್‌ಬಾಕ್ಸಿನ ಅಸಹಜ ಕಂಪನವನ್ನು ಹಿಡಿದಿತ್ತು. ಆದರೆ ಆ ದತ್ತಾಂಶ ಕಾಕ್‌ಪಿಟ್‌ಗೆ ಕಾಣಿಸುವಂತಿರಲಿಲ್ಲ, ಇಳಿದ ಮೇಲೆ ದುರಸ್ತಿಗಾರರು ತೆಗೆದು ನೋಡಬೇಕಿತ್ತು. ಅಂದರೆ ಯಂತ್ರಕ್ಕೆ ಗೊತ್ತಿದ್ದ ಸಂಗತಿ ಅದನ್ನು ನಡೆಸುವವರಿಗೆ ಗೊತ್ತಿರಲಿಲ್ಲ. ನಿರುಪದ್ರವಿ ಪುಡಿಗೂ ಸೀಳುತ್ತಿರುವ ಗೇರಿಗೂ ಒಂದೇ ದೀಪ ಬೆಳಗುವಾಗ, ಹಿಂದೆ ಆ ದೀಪ ನೋಡಿಯೂ ಕ್ಷೇಮವಾಗಿ ಇಳಿದ ಅನುಭವವಿರುವ ಪೈಲಟ್ ಅದನ್ನು ಹೇಗೆ ಓದಬೇಕು?

ಯಾರಿಗೆ ಮೊದಲೇ ಗೊತ್ತಿತ್ತು

ತನಿಖೆಯ ಅತಿ ಮುಖ್ಯ ಭಾಗ ಇಲ್ಲಿಂದ ಶುರುವಾಗುತ್ತದೆ. ಒಡೆದದ್ದು ಗೇರ್‌ಬಾಕ್ಸಿನ ಒಂದು ಪಿನಿಯನ್ ಗೇರು (ದೊಡ್ಡ ಗೇರಿನೊಂದಿಗೆ ಹಲ್ಲು ಕಚ್ಚಿ ತಿರುಗುವ ಚಿಕ್ಕ ಗೇರು), ಅದನ್ನು ಎಕ್ಸ್-53 ಎಂಬ ಮಿಶ್ರ ಉಕ್ಕಿನಿಂದ ಮಾಡಿದ್ದಾರೆ. ಉಕ್ಕು ಕರಗಿಸುವಾಗ ಲೋಹವಲ್ಲದ ಸೂಕ್ಷ್ಮ ಕಲ್ಮಶಗಳು ಒಳಗೆ ಉಳಿದುಬಿಟ್ಟರೆ, ಗೇರಿನ ಹಲ್ಲು ಲಕ್ಷಾಂತರ ಬಾರಿ ಒತ್ತಡಕ್ಕೆ ಸಿಕ್ಕಾಗ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಯಾಕುಶಿಮಾದ ಗೇರಿನ ಬಿರುಕು ಆಸ್ಪ್ರೇಗಳ ಇದೇ ಬಗೆಯ ಗೇರ್‌ಬಾಕ್ಸುಗಳ ಬೇರೆ ಪಿನಿಯನ್‌ಗಳಲ್ಲಿ ಹಿಂದೆ ಏಳು ಸಲ ಕಂಡ ಬಿರುಕುಗಳನ್ನು ಹೋಲುತ್ತಿತ್ತು. ಇಂಥ ಕಲ್ಮಶದಿಂದ ಗೇರ್‌ಬಾಕ್ಸ್ ನಾಶವಾಗಬಹುದೆಂಬ ಅಪಾಯದ ಅಂದಾಜನ್ನು ಮೂರು ಪಡೆಗಳ ಆಸ್ಪ್ರೇಗಳನ್ನೂ ನೋಡಿಕೊಳ್ಳುವ ಜಂಟಿ ಯೋಜನಾ ಕಚೇರಿ ಒಂದು ದಶಕದ ಹಿಂದೆಯೇ ಮಾಡಿತ್ತು. ಆ ಅಂದಾಜು ವಿಮಾನ ಹಾರಿಸುವ ಪಡೆಗಳನ್ನು ಸರಿಯಾಗಿ ತಲುಪಲಿಲ್ಲ, ತಲುಪಿದ್ದರೆ ಚಿಪ್ ಬರ್ನ್ ನಿಯಮವನ್ನು ಬಹಳ ಹಿಂದೆಯೇ ಬಿಗಿಗೊಳಿಸಬಹುದಿತ್ತು.

ಮರಾನಾದಲ್ಲಿ ತಿಳಿವಳಿಕೆ ಇರಲಿಲ್ಲ, ಪರೀಕ್ಷೆ ಮಾಡದ ಕಾರಣ. ಯಾಕುಶಿಮಾದಲ್ಲಿ ತಿಳಿವಳಿಕೆ ಇತ್ತು, ಆದರೆ ಬೇಕಾದವರ ಬಳಿ ಇರಲಿಲ್ಲ. ಎರಡನೆಯದು ಹೆಚ್ಚು ದೊಡ್ಡ ಅಪರಾಧವೆಂದು ನಾನು ಭಾವಿಸುತ್ತೇನೆ. ಹೊಸ ತಂತ್ರಜ್ಞಾನದ ಕಲಿಕೆಗೆ ಜೀವಗಳ ಬೆಲೆ ತೆರಬೇಕಾಯಿತು ಎಂಬ ಸಮಾಧಾನವಾದರೂ ಮೊದಲನೆಯದಕ್ಕೆ ಹೇಳಬಹುದು. ಕಲಿತಿದ್ದನ್ನು ಕಡತದಲ್ಲಿಟ್ಟು ಅದೇ ಬೆಲೆಯನ್ನು ಮತ್ತೆ ತೆತ್ತದ್ದಕ್ಕೆ ಅಂಥ ಸಮಾಧಾನವೂ ಇಲ್ಲ. 2025ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕ ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆಯ ವರದಿಯೂ ನೌಕಾಪಡೆಯ ಪರಿಶೀಲನೆಯೂ, ಗುರುತಿಸಿದ ಅಪಾಯಗಳು ಪರಿಹಾರವಿಲ್ಲದೆ ವರ್ಷಗಟ್ಟಲೆ ಉಳಿದದ್ದನ್ನು ಎತ್ತಿ ತೋರಿಸಿದವು. ಪಡೆಗಳ ನಡುವೆ ಸುರಕ್ಷತೆಯ ಮಾಹಿತಿ ಸರಿಯಾಗಿ ಹರಿಯುತ್ತಿಲ್ಲ ಎಂಬುದು ಲೆಕ್ಕಪರಿಶೋಧಕರ ಮುಖ್ಯ ಆಕ್ಷೇಪಗಳಲ್ಲಿ ಒಂದು.

ಮೂವತ್ತು ನಿಮಿಷದ ಗಡಿ

2024ರ ಮಾರ್ಚ್ 8ರಂದು ಹಾರಾಟ ಮತ್ತೆ ಆರಂಭವಾದಾಗ ಒಂದು ಷರತ್ತು ಬಂತು: ಇಳಿಯಲು ತಕ್ಕ ನಿಲ್ದಾಣದಿಂದ 30 ನಿಮಿಷಕ್ಕಿಂತ ದೂರ ಹೋಗುವಂತಿಲ್ಲ. ಈ ವಿಮಾನದ ವೇಗದಲ್ಲಿ ಅರ್ಧ ಗಂಟೆ ಎಂದರೆ ಸುಮಾರು 250 ಕಿಲೋಮೀಟರ್. ದೂರ ಕ್ರಮಿಸುವುದೇ ಯಾವುದರ ಕಸುಬೋ ಆ ವಿಮಾನವನ್ನು ದಡದ ಹತ್ತಿರ ಕಟ್ಟಿಹಾಕಿದಂತಾಯಿತು. ನೌಕಾಪಡೆಗೆ ಇದರಿಂದ ಬಿದ್ದ ಪೆಟ್ಟು ಹೆಚ್ಚು. ಸಮುದ್ರಮಧ್ಯದ ವಿಮಾನವಾಹಕ ಹಡಗುಗಳಿಗೆ ಸರಕು ಒಯ್ಯುತ್ತಿದ್ದ ಹಳೆಯ ಸಿ-2ಎ ಗ್ರೇಹೌಂಡ್ ವಿಮಾನಗಳನ್ನು ನಿವೃತ್ತಿಗೊಳಿಸಿ, ಎಫ್-35ರ ಎಂಜಿನ್ನಿನ ಮುಖ್ಯ ಭಾಗವನ್ನೂ ಹೊರಬಲ್ಲ ಸಿಎಂವಿ-22ಬಿ ಎಂಬ ಮಾದರಿಯ ಆಸ್ಪ್ರೇಗಳನ್ನು ಅದು ಆರಿಸಿಕೊಂಡಿತ್ತು. ಆಸ್ಪ್ರೇ ನೆಲದಲ್ಲಿ ಉಳಿದಾಗ ಆ ಹಳೆಯ ಗ್ರೇಹೌಂಡ್‌ಗಳೇ ಮತ್ತೆ ಹೆಗಲು ಕೊಡಬೇಕಾಯಿತು. ವಾಯುಪಡೆಯ ಸಿವಿ-22ಗಳಲ್ಲಿಯಂತೂ ಈ ನಿಲುಗಡೆಗೂ ಮೊದಲೇ ಯಾವುದೇ ದಿನ ಕಾರ್ಯಾಚರಣೆಗೆ ಸಿದ್ಧವಿರುತ್ತಿದ್ದವು ಸರಿಸುಮಾರು ಅರ್ಧ ಮಾತ್ರ.

2024ರ ನವೆಂಬರ್‌ನಲ್ಲಿ ನ್ಯೂಮೆಕ್ಸಿಕೋದ ಕ್ಯಾನನ್ ನೆಲೆಯಲ್ಲಿ ಮತ್ತೊಂದು ಆಸ್ಪ್ರೇ ಗೇರಿನ ತೊಂದರೆಯಿಂದ ತುರ್ತಾಗಿ ಇಳಿಯಿತು, ಡಿಸೆಂಬರ್‌ನಲ್ಲಿ ಹಾರಾಟ ಮತ್ತೆ ನಿಂತಿತು. ಮೂರು ಸಲ ಕರಗಿಸಿ ಶುದ್ಧಗೊಳಿಸಿದ ಉಕ್ಕಿನ ಗೇರುಗಳನ್ನು ಅಳವಡಿಸುವುದು ಈಗ ಹಿಡಿದಿರುವ ಪರಿಹಾರ. ಎಲ್ಲ ವಿಮಾನಗಳಿಗೂ ಅವು ಸಿಗಲು 2030ರ ದಶಕ ಬರಬೇಕು. ಕಂಪನದ ದತ್ತಾಂಶವನ್ನು ಹಾರಾಟದಲ್ಲೇ ಪೈಲಟ್‌ಗೆ ತೋರಿಸುವ ವ್ಯವಸ್ಥೆಯೂ ಬರಬೇಕಾಗಿದೆ. ವಿಮಾನವನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳಲಾರೆ. ಲಿಬಿಯಾ, ಬೋರ್‌ಗಳಲ್ಲಿ ಅದು ಮಾಡಿದ ಕೆಲಸಕ್ಕೆ ಬದಲಿ ಇನ್ನೂ ಇಲ್ಲ. ಆದರೆ ಹೊಸ ಗೇರು ಬಾರದ ವಿಮಾನಗಳಲ್ಲಿ ತರಬೇತಿಗೆಂದು ಜನರನ್ನು ಸಮುದ್ರದ ಮೇಲೆ ದೂರ ಕಳುಹಿಸುವುದನ್ನು ಸಮರ್ಥಿಸುವ ವಾದ ನನಗೆ ಎಲ್ಲಿಯೂ ಕಾಣಲಿಲ್ಲ. ಜೀವಾಪಾಯದ ತುರ್ತು ಕೆಲಸ ಬೇರೆ, ದಿನನಿತ್ಯದ ಸಾಗಣೆ ಬೇರೆ.

ಈ ಲೆಕ್ಕ ಅಮೆರಿಕಕ್ಕಷ್ಟೇ ಸೀಮಿತವೂ ಅಲ್ಲ. ಹೊರದೇಶಗಳಲ್ಲಿ ಆಸ್ಪ್ರೇ ಕೊಂಡದ್ದು ಜಪಾನ್ ಮಾತ್ರ; ತನ್ನ 17 ವಿಮಾನಗಳನ್ನು ಅದು 2025ರಲ್ಲಿ ಸಾಗಾ ಪ್ರಾಂತ್ಯದ ಹೊಸ ನೆಲೆಗೆ ಸಾಗಿಸಿತು. ಒಕಿನಾವಾದ ಜನ 2012ರಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸೇರಿ, ಮನೆಗಳಿಂದ ಸುತ್ತುವರಿದ ಫುಟೆನ್ಮಾ ನೆಲೆಗೆ ಈ ವಿಮಾನ ಬರಬಾರದೆಂದು ಪ್ರತಿಭಟಿಸಿದಾಗ, ಅಪಘಾತ ದರದ ಕೋಷ್ಟಕವನ್ನೇ ಅವರ ಮುಂದೆ ಹಿಡಿಯಲಾಗಿತ್ತು. ಅದರ ಮರುವರ್ಷದಿಂದಾಚೆಗೆ ಯೋಜನಾ ಕಚೇರಿಯಲ್ಲಿ ಸಿದ್ಧವಾದ ಗೇರಿನ ಅಪಾಯದ ಅಂದಾಜು ಅವರ ಕೈಗೆ ಬರಲಿಲ್ಲ.

ಅಮೆರಿಕದ ಭೂಸೇನೆ 2022ರ ಡಿಸೆಂಬರ್‌ನಲ್ಲಿ ತನ್ನ ಮುಂದಿನ ದಾಳಿ ವಿಮಾನವಾಗಿ ಬೆಲ್ ಕಂಪನಿಯ ವಿ-280 ಎಂಬ ಇನ್ನೊಂದು ಟಿಲ್ಟ್‌ರೋಟರನ್ನು, ಅಂದರೆ ಆಸ್ಪ್ರೇಯಂತೆಯೇ ರೋಟರ್ ಬಾಗುವ ವಿಮಾನವನ್ನು, ಆರಿಸಿತು. ಅದರಲ್ಲಿ ಎಂಜಿನ್ ಬಾಗುವುದಿಲ್ಲ, ರೋಟರ್ ಮಾತ್ರ ಬಾಗುತ್ತದೆ. ಆಸ್ಪ್ರೇಯ ಹಲವು ಜಟಿಲತೆಗಳನ್ನು ಇದು ತಪ್ಪಿಸುತ್ತದೆ. ಆದರೆ ರೆಕ್ಕೆಯುದ್ದಕ್ಕೂ ಹಾದುಹೋಗುವ ಶಾಫ್ಟ್, ತುದಿಗಳಲ್ಲಿನ ಗೇರ್‌ಬಾಕ್ಸುಗಳು ಅಲ್ಲಿಯೂ ಇವೆ. ಆಸ್ಪ್ರೇಯ ಪ್ರತಿ ಬಿರುಕು ಬಿಟ್ಟ ಪಿನಿಯನ್ನಿನ, ಪ್ರತಿ ಜಾರಿದ ಕ್ಲಚ್ಚಿನ ದಾಖಲೆ ಆ ವಿಮಾನವನ್ನು ಹಾರಿಸಲಿರುವ ಪೈಲಟ್‌ಗಳ ತರಬೇತಿ ಪಠ್ಯದಲ್ಲಿ ಮೊದಲ ದಿನದಿಂದಲೇ ಇರಬೇಕು. ಚಿಪ್ ದೀಪ ಬೆಳಗಿದಾಗ ಯಾವ ಗಡುವಿನೊಳಗೆ ಇಳಿಯಬೇಕು ಎಂಬುದನ್ನು ಅನುಕೂಲದ ಮಾತಿಗೆ ಬಿಡದೆ ನಿಮಿಷಗಳಲ್ಲಿ ಬರೆದಿಡಬೇಕು.